ಸುಕ್ಕವ್ವನ ಉಣ್ಣೆ

ಬಯಲು ನಾಡಿನಲ್ಲಿ ಒಂದು ರಾಜ್ಯವಿತ್ತು. ರಾಜ್ಯಕ್ಕೆ ಒಬ್ಬ ರಾಜನಿದ್ದ. ರಾಜನ ಮೇಲೆ ಒಬ್ಬ ಬಿಳಿ ದೊರೆ ಇದ್ದ. ಆಗಿನ ಕಾಲ ಹಾಗಿತ್ತು.

ದೊರೆಗೆ ಉಣ್ಣೆಯ ಹುಚ್ಚು. ಇಲ್ಲಿನ ಕರಿ ಕುರಿಯ ಉಣ್ಣೆ ಅವನ ಮೈಗೆ ಚುಚ್ಚುತ್ತಿತ್ತು. ಸಮುದ್ರದಾಚೆಯಿಂದ ಹಡಗಿನಲ್ಲಿ ಮೆರಿನೊ ಕುರಿ ತರಿಸಿದ. ಬಿಳಿ ಕುರಿ. ಕತ್ತಿನ ತುಂಬ ಸುಕ್ಕು. ಉಣ್ಣೆ ಮುಟ್ಟಿದರೆ ಬೆಣ್ಣೆ. ಊರೂರಿನ ಪಟೇಲರಿಗೆ ಹತ್ತತ್ತು ಹಂಚಿದ. ಪ್ರತಿ ವರ್ಷ ಯುಗಾದಿ ಕಳೆದ ಮೇಲೆ ಅರಮನೆಯ ಮುಂದೆ ಉಣ್ಣೆ ಪಂದ್ಯ ಅಂತ ಸಾರಿಸಿದ.

ಆ ರಾಜ್ಯದ ಒಂದು ಊರಿಗೆ ಹಂಪೇಗೌಡ ಪಟೇಲ. ಅವನ ದೊಡ್ಡಿಯಲ್ಲಿ ಒಂದು ಮೆರಿನೊ ಮರಿ ಹಾಕಿತು. ಮರಿ ಬಡಕಲು, ಮೈಯೆಲ್ಲ ಸುಕ್ಕು. ಎದ್ದು ನಿಲ್ಲಲಿಲ್ಲ. "ಇದು ಉಳಿಯೋ ಜೀವ ಅಲ್ಲ, ಬಿಸಾಕ್ರೋ" ಅಂದ ಪಟೇಲ. ಆಳುಗಳು ಬೇಲಿಯಾಚೆ ಬಿಸಾಕಿದರು.

ಜುಂಜಣ್ಣ ಆ ದಾರಿಯಲ್ಲಿ ಬಂದ. ಮರಿಯನ್ನು ಕಂಬಳಿಯೊಳಗೆ ಹಾಕಿಕೊಂಡ. ಹೋದ.

ಜುಂಜಣ್ಣ ಯಾರು? ಕುರಿ ಕಾಯುವ ಮುದುಕ. ಹೆಂಡತಿ ತೀರಿಕೊಂಡಿದ್ದಳು. ಮಕ್ಕಳಾಗಿರಲಿಲ್ಲ. ಇದ್ದ ಕುರಿಗಳನ್ನು ಒಂದು ವರ್ಷದ ಬೇನೆ ಒಯ್ದಿತ್ತು. ಊರಾಚೆ ಮರಡಿಯ ಮೇಲೆ ಒಂದು ಗುಡಿಸಲು, ಪಕ್ಕದಲ್ಲಿ ಕುರಿ ಕೂಡುವ ಕಲ್ಲಿನ ರೊಪ್ಪ. ಅಲ್ಲಿಗೆ ಗಾಳಿ ಬರುತ್ತಿತ್ತು. ಬೇರೆ ಯಾರೂ ಬರುತ್ತಿರಲಿಲ್ಲ.

ಮೇಕೆ ಹಾಲು ಬೇಡಿ ತಂದು ಮರಿಗೆ ಕುಡಿಸಿದ. ಮರಿ ಬದುಕಿತು. ಹಲ್ಲಿಲ್ಲದ ಅಜ್ಜಿಯ ಮುಖ ಅದಕ್ಕೆ. ಸುಕ್ಕವ್ವ ಅಂತ ಹೆಸರಿಟ್ಟ. ಬೆಳಿಗ್ಗೆ "ಎದ್ದೇನವ್ವ" ಅನ್ನುತ್ತಿದ್ದ. ಸಂಜೆ "ಉಂಡೇನವ್ವ" ಅನ್ನುತ್ತಿದ್ದ. ದಿನಕ್ಕೆ ಅವನ ಮಾತು ಅಷ್ಟೇ.

ಕಥೆಯಲ್ಲಿ ಕುರಿ ಮಾತಾಡುವುದುಂಟು. ಸುಕ್ಕವ್ವ ಮಾತಾಡಲಿಲ್ಲ. ಎದುರಿಗೆ ನಿಂತು ಮೆಲುಕು ಹಾಕುತ್ತಿದ್ದಳು. ಜುಂಜಣ್ಣನಿಗೆ ಅದು ಸಾಕಾಗಿತ್ತು.

ಎರಡು ವರ್ಷ ಕಳೆಯಿತು. ಸುಕ್ಕವ್ವ ದೊಡ್ಡವಳಾದಳು. ಮೈತುಂಬ ಉಣ್ಣೆ ತುಂಬಿತು. ಆ ವರ್ಷ ದೊರೆ ಮತ್ತೆ ಸಾರಿಸಿದ: ಗೆದ್ದವನಿಗೆ ಅವನ ಊರ ಹುಲ್ಲುಗಾವಲು ಪೂರ್ತಿ ಬರೆದುಕೊಡುತ್ತೇನೆ. ಗೆದ್ದ ಕುರಿ ಮಾತ್ರ ನನ್ನ ಹಿಂಡಿಗೆ; ಹಡಗು ಹತ್ತಿ ನನ್ನ ದೇಶಕ್ಕೆ ಹೋಗುತ್ತದೆ.

ಹಂಪೇಗೌಡನ ಬಾಯಲ್ಲಿ ನೀರೂರಿತು. ಹುಲ್ಲುಗಾವಲು ಅವನದಾದರೆ ಇಡೀ ಊರಿನ ಕುರಿ ಅವನ ಕಾಲಡಿ. ಆದರೆ ಅವನ ಕುರಿಗಳ ಉಣ್ಣೆ ಕಸಕಡ್ಡಿ ಮೆತ್ತಿ ಗಂಟುಗಂಟಾಗಿತ್ತು. ಮರಡಿ ಹತ್ತಿದ.

"ಜುಂಜ, ಆ ಕುರಿ ಕೊಡು. ಹಾಲು ಕರೆಯೋ ಹಸು ಕೊಡ್ತೀನಿ."

"ಬ್ಯಾಡ ಗೌಡ್ರೆ."

ಎಂಟು ದಿನ ಬಿಟ್ಟು ಮತ್ತೆ ಹತ್ತಿದ.

"ಹತ್ತು ಕುರಿ ಕೊಡ್ತೀನಿ, ಮೇಲೊಂದು ಟಗರು. ಒಂದಕ್ಕೆ ಹನ್ನೊಂದು ಕಣೋ!"

"ಅಷ್ಟು ಕುರಿ ಜೊತೆ ಆಡೋವಷ್ಟು ಮಾತು ನನ್ನ ಹತ್ರ ಇಲ್ಲ ಗೌಡ್ರೆ."

ಮೂರನೇ ಸಲ ಪಟೇಲ ಮಾತು ತರಲಿಲ್ಲ. ನಾಲ್ಕು ಆಳು, ಒಂದು ಹಗ್ಗ ತಂದ. "ನನ್ನ ಕುರಿ ಈದದ್ದು ನನ್ನದೇ" ಅಂದ. ಸುಕ್ಕವ್ವನನ್ನು ಎಳೆದುಕೊಂಡು ಹೋದರು. ಮರಡಿ ಇಳಿಯುವವರೆಗೂ ಅವಳು ತಿರುಗಿ ತಿರುಗಿ ಕೂಗಿದಳು.

ಸಂಜೆ ಜುಂಜಣ್ಣ ಅಂಬಲಿ ಕಾಯಿಸಿದ. ಕೈ ರೂಢಿಯಂತೆ ಅರ್ಧ ಅವಳ ಬೋಗುಣಿಗೆ ಸುರಿದ. ನೋಡಿದ. ಮಾರನೇ ದಿನವೂ ಹಾಗೇ ಸುರಿದ. ಅದರ ಮಾರನೇ ದಿನವೂ. ಅಂಬಲಿ ಬೋಗುಣಿಯಲ್ಲೇ ಒಣಗಿ ಬಿರುಕು ಬಿಟ್ಟಿತು.

ಯುಗಾದಿ ಬಂತು. ಹೋಯಿತು. ಪಂದ್ಯದ ದಿನ ಜುಂಜಣ್ಣ ಕಂಬಳಿ ಹೊದ್ದು ಅರಮನೆಗೆ ನಡೆದ.

ಚಪ್ಪರದ ಕೆಳಗೆ ಹನ್ನೆರಡು ಕುರಿ ಕಟ್ಟಿದ್ದರು. ಸುತ್ತ ಜನವೋ ಜನ. ರಾಜ ಮೇಲೆ ಕೂತಿದ್ದ. ದೊರೆ ಅಂಗಿಯ ತೋಳು ಮಡಚಿ ಕುರಿಯಿಂದ ಕುರಿಗೆ ಹೋಗುತ್ತಿದ್ದ. ಅವನ ಪರೀಕ್ಷೆ ಮೂರು. ಮೊದಲು ಉಣ್ಣೆ ಬಗೆದು ಬಣ್ಣ ನೋಡುವುದು. ಆಮೇಲೆ ಬೆರಳಲ್ಲಿ ಹೊಸಕಿ ನಯ ನೋಡುವುದು. ಕೊನೆಗೆ ಎಳೆಗಳ ಒಂದು ಎಸಳು ಕಿತ್ತು, ಎರಡೂ ತುದಿ ಹಿಡಿದು, ಕಿವಿಯ ಹತ್ತಿರ ಜಗ್ಗುವುದು. ಗಟ್ಟಿ ಉಣ್ಣೆ ತಂತಿಯ ಹಾಗೆ ಟಿಂಗ್ ಅನ್ನುತ್ತದೆ.

ಬಣ್ಣದಲ್ಲಿ ಸುಕ್ಕವ್ವ ಗೆದ್ದಳು. ನಯದಲ್ಲೂ ಗೆದ್ದಳು. ದೊರೆಯ ಮುಖ ಅರಳಿತು.

"ಪಟೇಲ, ಇದು ನಿನ್ನ ಕುರಿಯೋ?" ರಾಜ ಕೇಳಿದ.

"ನನ್ನದೇ ಬುದ್ಧಿ. ಹುಟ್ಟಿದಂದಿನಿಂದ ನನ್ನ ದೊಡ್ಡಿ ಬಿಟ್ಟಿಲ್ಲ. ಒಂದು ಹೊತ್ತೂ ಹಸಿದಿಲ್ಲ."

"ಏನು ಮೇವು?" ದೊರೆ ಕೇಳಿದ. ಅವನಿಗೆ ಅರ್ಧ ಕನ್ನಡ ಬರುತ್ತಿತ್ತು.

"ದಿನಾ ಮೂರು ಹೊತ್ತು ಹುರುಳಿ, ದೊರೆ. ಒಂದು ಹೊತ್ತೂ ಹಸಿದಿಲ್ಲ."

ಪಟೇಲ ಜನರ ಕಡೆ ತಿರುಗಿ ಮೀಸೆ ತೀಡಿದ. "ನೋಡ್ರೋ, ಕುರಿ ಸಾಕೋದು ಅಂದ್ರೆ ಹಿಂಗೆ. ಒಂದು ಹೊತ್ತೂ ಹಸಿದಿಲ್ಲ!"

ಮೂರು ಸಲ ಹೇಳಿದ. ನೆನಪಿಟ್ಟುಕೊಳ್ಳಿ.

ಆಗ ಗುಂಪಿನ ಹಿಂದಿನಿಂದ ಒಂದು ದನಿ. "ಸುಕ್ಕವ್ವ."

ಕುರಿ ಕಿವಿ ನಿಮಿರಿಸಿತು. ಹಗ್ಗ ಜಗ್ಗಿ ಕೂಗಿತು.

"ಯಾರಯ್ಯ ನೀನು?" ರಾಜ ಕೇಳಿದ.

"ಜುಂಜಣ್ಣ. ಅವಳು ನನ್ನವಳು."

ಪಟೇಲ ನಕ್ಕ. "ಒಂದು ಹಿಡಿ ಹುರುಳಿ ತೋರಿಸಿ ಬುದ್ಧಿ, ನಿಮ್ಮನ್ನ ನೋಡಿನೂ ಕೂಗ್ತದೆ. ಒಂಟಿ ಮುದುಕ, ತಲೆ ಕೆಟ್ಟಿದೆ."

ಜನ ನಕ್ಕರು. ಜುಂಜಣ್ಣ ನಗಲಿಲ್ಲ. ದೊರೆಯ ಕಡೆ ನೋಡಿದ.

"ಎಸಳು ಕಿತ್ತು ಜಗ್ಗಿ ದೊರೆ. ಟಿಂಗ್ ಅನ್ನೋದಿಲ್ಲ. ಸರಿಯಾಗಿ ನಡುವೆ ಮುರೀತದೆ. ಎಲ್ಲಿ ಕಿತ್ತರೂ ಅಲ್ಲೇ ಮುರೀತದೆ."

ದೊರೆ ಹೆಗಲಿನಿಂದ ಒಂದು ಎಸಳು ಕಿತ್ತ. ನಾಲ್ಕು ಬೆರಳು ಉದ್ದ. ಜಗ್ಗಿದ. ನಡುವೆ ಮುರಿಯಿತು. ಪಕ್ಕೆಯಿಂದ ಕಿತ್ತ. ಜಗ್ಗಿದ. ನಡುವೆ ಮುರಿಯಿತು. ತೊಡೆಯಿಂದ ಕಿತ್ತ. ಅದೂ ಅಲ್ಲೇ ಮುರಿಯಿತು.

"ನಿನಗೆ ಹೇಗೆ ಗೊತ್ತು?" ದೊರೆ ಕೇಳಿದ.

ಜುಂಜಣ್ಣ ಮುಂದೆ ಬಂದ. ಅಷ್ಟು ಜನರ ಎದುರು ಅಷ್ಟು ಮಾತು ಅವನು ಹುಟ್ಟಿದಂದಿನಿಂದ ಆಡಿರಲಿಲ್ಲ.

"ಹೋದ ಯುಗಾದಿಗೆ ಉಣ್ಣೆ ಕತ್ತರಿಸಿದ್ದೆ. ಇದು ಒಂದು ವರ್ಷದ್ದು. ನಡುವೆ ಬರೋದು ನವರಾತ್ರಿ. ಆಗ ನನಗೆ ಜ್ವರ. ಒಂಬತ್ತು ದಿನ ಏಳಲಿಲ್ಲ. ಊರೆಲ್ಲ ಹಬ್ಬದಲ್ಲಿತ್ತು. ಮರಡಿ ಮೇಲೆ ಡೊಳ್ಳು ಕೇಳ್ತಿತ್ತು. ತೆವಳಿ ಹೋಗಿ ಇವಳಿಗೆ ನೀರು ಇಟ್ಟೆ. ಹೊರಗೆ ಬಿಟ್ಟರೆ ತೋಳದ ಭಯ, ಹುಲ್ಲು ತರೋಕೆ ಆಗಲಿಲ್ಲ. ಗುಡಿಸಲ ಸೋಗೆ ಎಟುಕಿದಷ್ಟು ತಿಂದಳು. ಆಮೇಲೆ ಅದೂ ಇರಲಿಲ್ಲ. ಹಸಿದಾಗ ಬೆಳೆದ ಉಣ್ಣೆಗೆ ಜೀವ ಇರೋದಿಲ್ಲ. ಕಾಣೋಕೆ ಒಂದೇ. ಜಗ್ಗಿದರೆ ಮುರೀತದೆ."

ದೊರೆ ತಲೆಯಾಡಿಸಿದ. ಉಣ್ಣೆಯ ವಿಷಯ ಅವನಿಗೆ ಗೊತ್ತಿತ್ತು.

ಪಟೇಲ ಕೈ ಮುಗಿದ. "ಹೌದು ಬುದ್ಧಿ, ಈಗ ನೆನಪಾಯ್ತು. ನವರಾತ್ರೀಲಿ ನನ್ನ ಆಳುಗಳು ಮೇವು ಹಾಕೋದು ಮರೆತಿದ್ದರು."

"ಒಂದು ಹೊತ್ತೂ ಹಸಿದಿಲ್ಲ ಅಂದೆಯಲ್ಲೋ?" ರಾಜ ಅಂದ. "ನನಗೊಂದು ಸಲ. ದೊರೆಗೊಂದು ಸಲ. ಜನಕ್ಕೊಂದು ಸಲ."

ರಾಜ ಜುಂಜಣ್ಣನ ಕಡೆ ತಿರುಗಿದ. "ನಿನಗೆ ಜ್ವರ ಬಂದದ್ದಕ್ಕೆ ಯಾರು ಸಾಕ್ಷಿ?"

"ಯಾರೂ ಇಲ್ಲ."

"ಯಾರೂ ಇಲ್ಲವೇ?"

"ಯಾರಾದರೂ ಬಂದಿದ್ದರೆ ಇವಳಿಗೆ ಒಂದು ಹಿಡಿ ಹುಲ್ಲು ಹಾಕ್ತಿದ್ದರು ಬುದ್ಧಿ. ಆಗ ಉಣ್ಣೆ ಮುರೀತಿರಲಿಲ್ಲ."

ಜುಂಜಣ್ಣನ ಊರಿನವರು ನೆಲ ನೋಡಿದರು. ದೊರೆ ಮುರಿದ ಎಸಳನ್ನು ಬೆರಳಲ್ಲಿ ಹೊಸಕಿದ. ಅವನಿಗೂ ಈ ದೇಶದಲ್ಲಿ ಜ್ವರ ಬಂದಿತ್ತು.

"ಮುರಿಯುವ ಉಣ್ಣೆಗೆ ಬಹುಮಾನ ಇಲ್ಲ" ಅಂದ ಕೊನೆಗೆ. "ನಿನ್ನ ಕುರಿ ಸೋತಿತು."

"ಸೋಲಲಿ" ಅಂದ ಜುಂಜಣ್ಣ. ಹಗ್ಗ ಬಿಚ್ಚಿದ.

ಸೋತ ಕುರಿ ಹಡಗು ಹತ್ತುವುದಿಲ್ಲ. ಮುದುಕ ಅದನ್ನೇ ನೆಚ್ಚಿ ಬಂದಿದ್ದ.

ಆ ವರ್ಷ ಗೆದ್ದದ್ದು ಬೇರೆ ಊರಿನ ಟಗರು. ಹಂಪೇಗೌಡನ ಊರಿನ ಹುಲ್ಲುಗಾವಲು ಊರಿಗೇ ಉಳಿಯಿತು. ಪಟೇಲಿಕೆ ಹೋಯಿತು. ರಾಜ ಮತ್ತೊಂದು ಶಿಕ್ಷೆ ಕೊಟ್ಟ. ಮರಡಿಯ ಹಿಂದಿನ ಹಾಳು ಮಂಟಪದಲ್ಲಿ ಒಂಬತ್ತು ದಿನ, ಒಬ್ಬನೇ, ನೀರು ಮಾತ್ರ. ಯಾರೂ ಹತ್ತಿರ ಹೋಗಕೂಡದು.

ಊರಿನವರು ಹೋಗಲಿಲ್ಲ. ಹೆಂಡತಿ ಹೋಗಲಿಲ್ಲ. ಹಗ್ಗ ಹಿಡಿದಿದ್ದ ಆಳುಗಳೂ ಹೋಗಲಿಲ್ಲ.

ಮೂರನೇ ದಿನ ಜುಂಜಣ್ಣ ಹೋದ. ಬೋಗುಣಿಯಲ್ಲಿ ಅಂಬಲಿ ಒಯ್ದ. ಪಟೇಲ ಕುಡಿದ. ಜುಂಜಣ್ಣ ಬೋಗುಣಿ ತಗೊಂಡು ಬಂದ.

ಆಮೇಲೆ ಊರಿನವರು ನಾಲ್ಕು ದಿನ ಮರಡಿ ಹತ್ತಿ ಬಂದರು. ಕ್ಷೇಮ ಕೇಳಿದರು. ಐದನೇ ದಿನದಿಂದ ಅವರವರ ಕೆಲಸ ಅವರವರಿಗೆ. ಮತ್ತೆ ಗಾಳಿ, ಗುಡಿಸಲು, ಮುದುಕ, ಕುರಿ. "ಎದ್ದೇನವ್ವ." "ಉಂಡೇನವ್ವ."

ನವರಾತ್ರಿ ಬಂತು. ಕೆಳಗೆ ಡೊಳ್ಳು ಶುರುವಾಯಿತು. ರೊಪ್ಪದ ಹತ್ತಿರ ಸದ್ದಾಯಿತು ಅಂತ ಜುಂಜಣ್ಣ ಇಣುಕಿ ನೋಡಿದ. ಹಂಪೇಗೌಡ ಒಂದು ಹೊರೆ ಹಸಿರು ಹುಲ್ಲು ಇಳಿಸುತ್ತಿದ್ದ.

"ಜ್ವರ ಗಿರ ಇಲ್ಲ ತಾನೇ?" ಅಂದ.

"ಇಲ್ಲ ಗೌಡ್ರೆ."

"ಸರಿ." ಇಳಿದು ಹೋದ.

ಕಥೆ ಇಷ್ಟೇ. ನೀತಿ ಎರಡು. ಬಾಯಿ ಮೂರು ಸಲ ಸುಳ್ಳು ಹೇಳಬಹುದು, ಹಸಿದ ಮೈ ಒಂದು ಸಲವೂ ಹೇಳುವುದಿಲ್ಲ. ಮತ್ತೊಂದು: ನೆರೆಯವನ ಬಾಗಿಲು ಎರಡು ದಿನ ತೆರೆಯದಿದ್ದರೆ, ಹಬ್ಬ ಬಿಟ್ಟು ಎದ್ದು ಹೋಗಿ ತಟ್ಟಿ.