ಗೆರೆಯಾಚೆ ಕೂತವನು

ಶಿಷ್ಯ ಕೇಳಿದ: "ಗುರುಗಳೇ, ಹುಟ್ಟಿದ ನೆಲದ ಅಂಗಿ ಬಿಟ್ಟು ಬೇರೆ ನೆಲದ ಅಂಗಿ ತೊಟ್ಟು ಆಡುವವನು ದ್ರೋಹಿಯಲ್ಲವೇ?"

ಕೇಳಿದವನು ಫಕೀರೇಶ. ಮಠದ ಬಯಲಿನಲ್ಲಿ ಸಂಜೆ ಕಬಡ್ಡಿ ಆಡುವ ಹುಡುಗರ ನಾಯಕ. ಮೊಬೈಲಿನಲ್ಲಿ ದೂರದೇಶಗಳ ಫುಟ್‌ಬಾಲ್ ನೋಡುವುದು ಅವನ ಹುಚ್ಚು. ಐರ್ಲೆಂಡ್ ಎಂಬ ದ್ವೀಪದಲ್ಲಿ ನೆಲ ಎರಡಾಗಿದೆ, ತಂಡವೂ ಎರಡಾಗಿದೆ ಎಂದು ಅವನು ವಿವರಿಸಿದ. ಉತ್ತರದಲ್ಲಿ ಹುಟ್ಟಿ ಬೆಳೆದ ಕೆಲವು ಹುಡುಗರು ದಕ್ಷಿಣದ ತಂಡಕ್ಕೆ ಆಡುತ್ತೇವೆ ಎನ್ನುತ್ತಾರೆ. ಕಾಯಿದೆ ಅದನ್ನು ಒಪ್ಪುತ್ತದೆ. ಜನ ಮಾತ್ರ ಒಪ್ಪದೆ ಬಾಯಿಗೆ ಬಂದಂತೆ ಬೈಯುತ್ತಾರೆ. ಫಕೀರೇಶ ಬೈಯುವವರ ಪರವಾಗಿದ್ದ. ಆಟ ಕಲಿಸಿದವರು ಒಬ್ಬರು, ಗೆದ್ದು ಮೆರೆಯುವವರು ಇನ್ನೊಬ್ಬರು, ಇದು ಯಾವ ನ್ಯಾಯ ಎಂದ. ನಮ್ಮಲ್ಲೂ ಇಂಥವರಿದ್ದಾರೆ, ನಮ್ಮ ತಂಡದ ಮೌನೇಶ ಮೊನ್ನೆ ಪಕ್ಕದೂರಿನ ತಂಡ ಸೇರಿಕೊಂಡ, ಅವನು ಮೊದಲಿನಿಂದಲೂ ನಮ್ಮವನಾಗಿರಲಿಲ್ಲ ಬಿಡಿ ಎಂದೂ ಸೇರಿಸಿದ.

ಅಡವಯ್ಯ ಗುರುಗಳು ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡರು. ಸಿಟ್ಟು ಬಂದಾಗ ಅವರು ಮೊದಲು ಮಾಡುವ ಕೆಲಸ ಅದು. ಮೌನೇಶನ ಮಾತು ಈಗ ಬೇಡ, ನೀನು ಕೇಳಿದ್ದು ಐರ್ಲೆಂಡಿನದು ಎಂದರು. ನಾನು ಐರ್ಲೆಂಡ್ ಕಂಡವನಲ್ಲ, ನನಗೆ ಗೊತ್ತಿರುವ ಊರಿನ ಕತೆ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡ ಎಂದು ಹೇಳಿ ಶುರುಮಾಡಿದರು.

ಒಂದು ಊರಿತ್ತು. ಯಾರೋ ದೊಡ್ಡವರು ಜಗಳವಾಡಿ ಅದರ ನಡುವೆ ಗೆರೆ ಎಳೆದರು. ಮೇಲಿನೂರು ಬೇರೆಯಾಯಿತು, ಕೆಳಗಿನೂರು ಬೇರೆಯಾಯಿತು. ಎಳೆದವರು ಸತ್ತು ಮಣ್ಣಾದರು. ಗೆರೆ ಮಾತ್ರ ಉಳಿಯಿತು. ಆದರೆ ಗೆರೆ ಎಳೆದರೆ ನೆಂಟಸ್ತಿಕೆ ಹರಿದುಹೋಗುತ್ತದೆಯೇ? ಈ ಊರಿನ ಹೆಣ್ಣನ್ನು ಆ ಊರಿಗೆ ಕೊಟ್ಟರು, ಆ ಊರಿನ ಹೆಣ್ಣನ್ನು ಈ ಊರಿಗೆ ತಂದರು. ಹೀಗಾಗಿ ಎರಡೂ ಕಡೆಯ ಹಿರಿಯರು ಸೇರಿ ಒಂದು ಕಟ್ಟಳೆ ಮಾಡಿದ್ದರು. ಅಜ್ಜ ಅಜ್ಜಿಯರಲ್ಲಿ ಒಬ್ಬರು ಯಾವ ಊರಿನವರೋ ಆ ಊರಿನ ಕಬಡ್ಡಿ ತಂಡಕ್ಕೆ ಹುಡುಗ ಆಡಬಹುದು. ಆಯ್ಕೆ ಅವನದು. ಕಟ್ಟಳೆ ಮಾಡಿದವರು ಅವರೇ, ಇದನ್ನು ನೆನಪಿಟ್ಟುಕೋ.

ಮೇಲಿನೂರಿನಲ್ಲಿ ಒಬ್ಬ ನೇಕಾರನಿದ್ದ. ಅವನ ಹೆಂಡತಿಯ ತವರು ಕೆಳಗಿನೂರು. ಅವರ ಮಗ ಗೂಳಪ್ಪ. ಹೆಸರಿಗೆ ತಕ್ಕ ಮೈಕಟ್ಟು, ಮಾತು ಮಾತ್ರ ಮೆತ್ತಗೆ. ಉಸಿರು ಹಿಡಿದು ಎದುರು ತಂಡದೊಳಗೆ ನುಗ್ಗಿದನೆಂದರೆ ಯಾರನ್ನಾದರೂ ಮುಟ್ಟದೆ ಹಿಂದೆ ಬರುತ್ತಿರಲಿಲ್ಲ. ಹುಟ್ಟಿದ ಊರಿಗೆ ಆಡಬೇಕು ಎನ್ನುವುದೊಂದೇ ಅವನ ಆಸೆ. ಮೇಲಿನೂರಿನ ತಂಡಕ್ಕೆ ಸೇರಿಸಿಕೊಂಡರು ಕೂಡ. ಹೇಗೆ ಸೇರಿಸಿಕೊಂಡರು ಎಂಬುದನ್ನು ಕೇಳು.

ಕಬಡ್ಡಿಯಲ್ಲಿ ಔಟಾದವನನ್ನು ನಾವು ಸತ್ತ ಎನ್ನುತ್ತೇವೆ. ಸತ್ತವನು ಗೆರೆಯಾಚೆ ಹೋಗಿ ಕೂರಬೇಕು. ಅವನ ಕಡೆಯವರು ಎದುರಿನವನೊಬ್ಬನನ್ನು ಔಟ್ ಮಾಡಿದರೆ, ಸತ್ತು ಕೂತವರಲ್ಲಿ ಒಬ್ಬ ಎದ್ದು ಒಳಗೆ ಬರುತ್ತಾನೆ. ದೊಡ್ಡ ಪಂದ್ಯಗಳಲ್ಲಿ ಮೊದಲು ಸತ್ತವನೇ ಮೊದಲು ಏಳಬೇಕು. ಆ ಊರುಗಳ ಆಟದಲ್ಲಿ ಹಾಗಲ್ಲ. ಯಾರು ಏಳಬೇಕೆಂದು ನಾಯಕ ಹೆಸರು ಹಿಡಿದು ಕೂಗುತ್ತಾನೆ. ಕೂಗಿದರೆ ಬದುಕಿದ. ಕೂಗದಿದ್ದರೆ ಆಟ ಮುಗಿಯುವವರೆಗೂ ಕೂತೇ ಇರಬೇಕು. ನಮ್ಮ ಬಯಲಿನಲ್ಲಿ ನೀವು ಆಡುವುದೂ ಹೀಗೆಯೇ, ನಿನಗೆ ಬಿಡಿಸಿ ಹೇಳಬೇಕಾಗಿಲ್ಲ.

ಗೂಳಪ್ಪ ಸತ್ತು ಕೂತರೆ ಮೇಲಿನೂರಿನ ನಾಯಕ ಅವನ ಹೆಸರು ಕೂಗುತ್ತಿರಲಿಲ್ಲ. ನಿನ್ನೆ ಮೊನ್ನೆ ಬಂದ ಪೋರರನ್ನು ಕೂಗಿದ. ಕಾಲು ಉಳುಕಿ ಕುಂಟುತ್ತಿದ್ದವನನ್ನು ಕೂಗಿದ. ಗೌಡನ ಅಳಿಯನನ್ನು ಕೂಗಿದ, ಆ ಮಹಾನುಭಾವನಿಗೆ ಒಳಗೆ ಯಾವುದು ಹೊರಗೆ ಯಾವುದು ಎಂದೇ ತಿಳಿಯುತ್ತಿರಲಿಲ್ಲ. ಗೂಳಪ್ಪನನ್ನು ಯಾಕೆ ಕೂಗುವುದಿಲ್ಲ ಎಂದರೆ, ಅವನ ತಾಯಿ ಆ ಕಡೆಯವಳು, ಮಾತಿನಲ್ಲೂ ಆ ಕಡೆಯ ರಾಗವಿದೆ, ಮನಸ್ಸು ಎಲ್ಲಿದೆಯೋ ಯಾರು ಬಲ್ಲರು ಎನ್ನುತ್ತಿದ್ದ. ನೋಡಲು ಬಂದವರು ಇನ್ನೂ ಒಂದು ಕೈ ಮೇಲೆ. ಹುಡುಗ ಕಣಕ್ಕಿಳಿದರೆ ಸಾಕು, ಸಿಳ್ಳೆ ಹೊಡೆದು, ತಾಯಿಯ ಊರಿಗೆ ಹೋಗೋ ಎಂದು ಕೂಗುತ್ತಿದ್ದರು. ತಮ್ಮ ಊರಿನ ಅಂಗಿ ತೊಟ್ಟು ತಮಗಾಗಿ ಉಸಿರು ಹಿಡಿದವನಿಗೆ ಹೀಗೆ ಕೂಗುತ್ತಿದ್ದರು. ಇವರ ಬಾಯಿಗೆ ಬೆಂಕಿ ಬೀಳ.

ಎರಡು ಸುಗ್ಗಿ ಹೀಗೆಯೇ ಕಳೆದವು. ಗೂಳಪ್ಪ ಮನೆಯಲ್ಲಿ ಏನನ್ನೂ ಹೇಳಲಿಲ್ಲ. ತಾಯಿಗೆ ಬಟ್ಟೆ ಒಗೆಯುವಾಗ ಗೊತ್ತಾಯಿತು. ಅಂಗಿಯಲ್ಲಿ ಮಣ್ಣಿಲ್ಲ, ಮೊಣಕಾಲಿನ ಹತ್ತಿರ ಮಣ್ಣಿಲ್ಲ, ಚಡ್ಡಿಯ ಹಿಂಬದಿಯಲ್ಲಿ ಮಾತ್ರ ಮಣ್ಣು ಮೆತ್ತಿಕೊಂಡಿದೆ. ಆಡಲು ಹೋದವನ ಬಟ್ಟೆ ಹೀಗಿರುತ್ತದೆಯೇನಪ್ಪ ಎಂದು ಅವಳು ಕೇಳಿದಳು. ಅವನು ಒಳಗೆ ಹೋಗಿ ಮಗ್ಗದ ಮುಂದೆ ಕೂತ.

ಅಷ್ಟರಲ್ಲಿ ಕೆಳಗಿನೂರಿನವರು ಬಂದರು. ನಿನ್ನ ಅಜ್ಜಿ ನಮ್ಮವಳು, ನಮ್ಮ ತಂಡಕ್ಕೆ ಬಾ ಎಂದರು. ಅವರೂ ಭಾರಿ ಸಾಚಾಗಳೆಂದು ನಾನು ಹೇಳುವುದಿಲ್ಲ. ಹುಡುಗನ ಆಟ ಕಣ್ಣಿಗೆ ಬೀಳುವವರೆಗೆ ಆ ಅಜ್ಜಿ ಇದ್ದಾಳೋ ಹೋದಳೋ ಎಂದು ಒಬ್ಬರೂ ವಿಚಾರಿಸಿರಲಿಲ್ಲ. ಆದರೂ ಒಂದು ಮಾತು ಒಪ್ಪಬೇಕು. ಅಲ್ಲಿ ಮೊದಲ ದಿನ ಗೂಳಪ್ಪ ಸತ್ತು ಗೆರೆಯಾಚೆ ಕೂತಾಗ, ನಾಯಕ ಮೊದಲು ಕೂಗಿದ್ದು ಅವನ ಹೆಸರನ್ನು. ತನ್ನನ್ನೇ ಕೂಗಿದ್ದು ಎಂದು ಹುಡುಗನಿಗೆ ತಿಳಿಯಲಿಲ್ಲ. ಸುಮ್ಮನೆ ಕೂತಿದ್ದ. ಪಕ್ಕದಲ್ಲಿದ್ದವನು ತಿವಿದು ಎಬ್ಬಿಸಬೇಕಾಯಿತು.

ಆ ವರ್ಷ ಎರಡೂರಿನ ಪಂದ್ಯದಲ್ಲಿ ಕೆಳಗಿನೂರು ಗೆದ್ದಿತು. ಗೆಲ್ಲಿಸಿದವನು ಗೂಳಪ್ಪ. ಆಗ ಮೇಲಿನೂರಿಗೆ ಎಚ್ಚರವಾಯಿತು. ನಮ್ಮ ಹುಡುಗ, ನಮ್ಮ ಮಣ್ಣಿನಲ್ಲಿ ಕಲಿತವನು, ನಮ್ಮ ಬೆನ್ನಿಗೇ ಚೂರಿ ಹಾಕಿದ ಎಂದು ಊರಿಗೆ ಊರೇ ಬೊಬ್ಬೆ ಹೊಡೆಯಿತು. ಎರಡು ಸುಗ್ಗಿಯಲ್ಲಿ ಒಂದು ಸಲವೂ ನಮ್ಮ ಹುಡುಗ ಎನ್ನದ ಬಾಯಿಗಳು ಅಂದು ಬೇರೆ ಮಾತನ್ನೇ ಆಡಲಿಲ್ಲ. ನೇಕಾರನ ಬಾಗಿಲಿಗೆ ಸಗಣಿ ಎರಚಿದರು. ಆ ತಾಯಿ ನೀರಿಗೆ ಹೋದರೆ ಮುಖ ತಿರುಗಿಸಿದರು.

ಕೊನೆಗೆ ಊರ ಕಟ್ಟೆಯ ಮೇಲೆ ಪಂಚಾಯಿತಿ ಸೇರಿತು. ನೇಕಾರರು ಹಾಸಿನ ನೂಲನ್ನು ಮಗ್ಗಕ್ಕೆ ಏರಿಸುವ ಮೊದಲು ಬೀದಿಯುದ್ದಕ್ಕೂ ಎಳೆದು ಕಟ್ಟುತ್ತಾರೆ, ಗಂಜಿ ಹಾಕಿ ಹಸನು ಮಾಡುತ್ತಾರೆ. ಬೀದಿ ಇಲ್ಲದಿದ್ದರೆ ಮಗ್ಗ ನಡೆಯುವುದಿಲ್ಲ. ಮಗ್ಗ ನಡೆಯದಿದ್ದರೆ ಒಲೆ ಉರಿಯುವುದಿಲ್ಲ. ಹುಡುಗ ಮರಳಿ ಬಂದು ಮೇಲಿನೂರಿಗೆ ಆಡಬೇಕು, ಇಲ್ಲದಿದ್ದರೆ ಅವನ ಅಪ್ಪ ಇನ್ನು ಈ ಬೀದಿಯಲ್ಲಿ ನೂಲು ಎಳೆಯಕೂಡದು ಎಂದು ಪಂಚರು ತೀರ್ಮಾನಿಸಿದರು. ಕಟ್ಟಳೆ ಮಾಡಿದವರು ಅವರೇ ಎಂದೆನಲ್ಲ, ಆ ಕಟ್ಟಳೆ ಯಾರ ಬಾಯಲ್ಲೂ ಬರಲಿಲ್ಲ. ಆಟದ ಸಿಟ್ಟನ್ನು ಒಂದು ಮನೆಯ ಅನ್ನದ ಮೇಲೆ ತೀರಿಸಿಕೊಂಡರು. ಇಂಥವರನ್ನು ಹಿರಿಯರು ಎನ್ನಬೇಕಂತೆ.

ಗೂಳಪ್ಪನನ್ನು ಕರೆಸಿದರು. ಗುರುತಿಲ್ಲದವರನ್ನು ಕಂಡಾಗ ನಾವೆಲ್ಲ ಮೊದಲು ಒಂದು ಮಾತು ಕೇಳುತ್ತೇವೆ. ಬಸ್ಸಿನಲ್ಲಿ ಕೇಳುತ್ತೇವೆ, ಸಂತೆಯಲ್ಲಿ ಕೇಳುತ್ತೇವೆ. ಗೌಡ ಆ ಮಾತನ್ನು ತನ್ನ ಕಣ್ಣೆದುರಿಗೆ ಹುಟ್ಟಿ ಬೆಳೆದವನಿಗೆ ಕೇಳಿದ.

"ಯಾವೂರಾಯಿತಪ್ಪ ನಿಂದು?"

ಗೂಳಪ್ಪ ತಂದೆಯ ಮುಖ ನೋಡಿದ. ಇದೇ ಊರು, ಮರಳಿ ಬರುತ್ತೇನೆ ಎಂದುಬಿಟ್ಟರೆ ತಂದೆಗೆ ಬೀದಿ ಸಿಗುತ್ತದೆ ಎಂದು ಅವನಿಗೆ ಗೊತ್ತಿತ್ತು. ತಂದೆ ತಲೆ ಅಲ್ಲಾಡಿಸಿದ, ಬೇಡ ಎಂಬಂತೆ. ಹುಡುಗ ಕಟ್ಟೆಯ ಎದುರಿಗಿದ್ದ ಆಟದ ಬಯಲಿಗೆ ನಡೆದುಹೋದ. ಗೆರೆ ದಾಟಿ, ತಾನು ಯಾವಾಗಲೂ ಕೂರುತ್ತಿದ್ದ ಜಾಗದಲ್ಲಿ ಕೂತ.

"ಗೌಡರೇ, ನಾನು ಇಲ್ಲೇ ಕೂತಿರುತ್ತಿದ್ದೆ. ನೀವು ಅಲ್ಲೇ ಕೂತು ನೋಡುತ್ತಿದ್ದಿರಿ. ಆಗ ನೀನು ಯಾವೂರಿನವನು ಎಂದು ಯಾರಾದರೂ ಕೇಳಿದ್ದರೆ, ನಿಮ್ಮೂರಿನವನೇ ಎಂದು ಹೇಳುತ್ತಿದ್ದೆ."

ಮಾತು ಗೌಡನ ಕಿವಿಗೆ ಬಿತ್ತು. ಆದರೆ ಕಿವಿಗೆ ಬಿದ್ದ ಮಾತ್ರಕ್ಕೆ ಬುದ್ಧಿ ಬರುತ್ತದೆಯೇ? ತೀರ್ಪು ತೀರ್ಪಾಗಿಯೇ ಉಳಿಯಿತು. ನೇಕಾರ ಮಗ್ಗ ಬಿಚ್ಚಿ ಬಂಡಿಗೆ ಏರಿಸಿದ. ನೇಯುವಾಗ ಕಾಲು ಇಳಿಬಿಡಲೆಂದು ಅವನ ಅಪ್ಪ ತೋಡಿದ್ದ ಮಗ್ಗದ ಕುಣಿಯನ್ನು ಬಂಡಿಗೆ ಏರಿಸಲಾಗುವುದಿಲ್ಲವಲ್ಲ, ಅದು ಅಲ್ಲೇ ಉಳಿಯಿತು. ಹೊರಡುವ ಮೊದಲು ತಾಯಿ ಅದರ ಸುತ್ತ ಕಸ ಗುಡಿಸಿದಳು. ಗೂಳಪ್ಪ ಬಂಡಿಯ ಹಿಂದೆ ನಡೆದ.

ನೀನು ಆಚೆಯವನು, ನೀನು ಆಚೆಯವನು ಎಂದು ಹೇಳಿ ಹೇಳಿ ಮೇಲಿನೂರಿನವರು ಅವನನ್ನು ಆಚೆಗೆ ಕಳಿಸಿದರು. ಈಗ ಆ ಊರಿಗೆ ಹೋಗಿ ನೋಡು. ಗೂಳಪ್ಪ ನಮ್ಮೂರಿನವನು, ಇಲ್ಲೇ ಆಡಿ ಬೆಳೆದದ್ದು ಎಂದು ಎದೆಯುಬ್ಬಿಸಿ ಹೇಳುತ್ತಾರೆ. ಅವನು ಬೆಳೆದದ್ದು ನಿಜ, ಆಡಿದ್ದು ಎಲ್ಲಿ? ನಾಚಿಕೆ ಎನ್ನುವುದು ಎಳ್ಳಷ್ಟೂ ಇಲ್ಲ ಆ ಜನಕ್ಕೆ.

ಗುರುಗಳು ಕತೆ ನಿಲ್ಲಿಸಿದರು. ಬಯಲಿನಲ್ಲಿ ಹುಡುಗರು ಸುಣ್ಣದ ಪುಡಿಯಿಂದ ಗೆರೆ ಹಾಕುತ್ತಿದ್ದರು. ಮೇಲಿನೂರಿನವರದು ತಪ್ಪೇ ಇರಬಹುದು, ಆದರೂ ಹುಟ್ಟಿದ ಊರಲ್ಲವೇ, ಗೂಳಪ್ಪ ಇನ್ನೊಂದು ವರ್ಷ ಕಾದು ನೋಡಬಹುದಿತ್ತು ಎಂದ ಫಕೀರೇಶ.

ಗುರುಗಳು ಮತ್ತೆ ವಸ್ತ್ರ ಸರಿಮಾಡಿಕೊಂಡರು.

"ಕಾಯಬಹುದಿತ್ತು ಫಕೀರೇಶ, ಮೌನೇಶ ಗೆರೆಯಾಚೆ ಕೂತಿದ್ದಾಗ ನೀನು ಅವನ ಹೆಸರು ಕೂಗಿದ್ದು ಯಾವತ್ತು, ಅದೊಂದು ಹೇಳು."