ಬುಟ್ಟಿಯಿಂದ ದೂರ ನಿಂತ ಆನೆ

ಕಾಡಿನ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಮಂದರನೆಂಬ ಆನೆಗೆ ಇದ್ದದ್ದು ಒಂದೇ ಕೆಲಸ. ಬುಟ್ಟಿಯ ಕೆಳಗೆ ನಿಂತು, ಸೊಂಡಿಲಿಗೆ ಬಂದ ಚೆಂಡನ್ನು ಒಳಗೆ ಹಾಕುವುದು. ಆ ವರ್ಷ ಎದುರಾಳಿಗಳು ದೀರ್ಘಗ್ರೀವನೆಂಬ ಜಿರಾಫೆಯನ್ನು ಕರೆತಂದರು. ಮಂದರ ಹಾಕಹೋದ ಚೆಂಡನ್ನೆಲ್ಲ ಅವನು ತಲೆಯಿಂದಲೇ ತಳ್ಳಿಬಿಟ್ಟ. ತಂಡ ಸೋತಿತು.

"ಮತ್ತೆ ಹೀಗಾದರೆ ನಿನ್ನ ಜಾಗಕ್ಕೆ ಬೇರೆಯವರನ್ನು ನೋಡಬೇಕಾಗುತ್ತದೆ," ಎಂದ ನಾಯಕ ಕರಡಿ.

ಮರುದಿನವೇ ಮಂದರ ದೂರದ ಗುರಿಯಲ್ಲಿ ಪಳಗಿದ ಮಂಗನ ಬಳಿಗೆ ಹೋಗಿ, ಎಸೆಯುವುದನ್ನು ಕಲಿಸು ಎಂದು ಕೇಳಿದ.

"ಇಷ್ಟು ದೊಡ್ಡ ಮೈಯವನಿಗೆ ನಮ್ಮಂಥ ಸಣ್ಣವರ ವಿದ್ಯೆ ಯಾಕೆ?"

"ಮೈಯ ಬಲ ನಡೆಯುವಷ್ಟು ದಿನ ನಡೆಯಿತು," ಎಂದ ಮಂದರ.

ತಿಂಗಳುಗಟ್ಟಲೆ ಚೆಂಡು ಬುಟ್ಟಿಯೊಂದನ್ನು ಬಿಟ್ಟು ಬೇರೆಲ್ಲ ಕಡೆ ಬಿತ್ತು. ಆನೆಗಳ ಮಾನ ಕಳೆದನೆಂದು ಹಿರಿಯರು ಮುಖ ತಿರುಗಿಸಿದರು. ಮಂದರನಿಗೂ ನಾಚಿಕೆಯಾಗುತ್ತಿತ್ತು. ಆದರೂ ಬೆಳಗಾದರೆ ಚೆಂಡು ಹಿಡಿದು ಬರುತ್ತಿದ್ದ.

ಅದೇ ಎದುರಾಳಿಗಳೊಂದಿಗಿನ ಮುಂದಿನ ಪಂದ್ಯದಲ್ಲಿ ಅವನು ಬುಟ್ಟಿಯಿಂದ ಇಪ್ಪತ್ತು ಹೆಜ್ಜೆ ದೂರ ನಿಂತು ಎಸೆದ. ಚೆಂಡು ಒಳಗೆ ಬಿತ್ತು. ಎರಡನೆಯದೂ ಮೂರನೆಯದೂ ಬಿದ್ದಾಗ, ಅವನನ್ನು ತಡೆಯಲು ಜಿರಾಫೆ ಓಡಿಬಂದ. ಬುಟ್ಟಿಯ ಕೆಳಗೆ ಯಾರೂ ಉಳಿಯಲಿಲ್ಲ. ಮಂದರ ನಾಲ್ಕನೆಯದನ್ನು ಎಸೆಯದೆ, ಅತ್ತ ನುಗ್ಗುತ್ತಿದ್ದ ತನ್ನ ತಂಡದ ಚಿಗರೆಗೆ ದಾಟಿಸಿದ. ಚಿಗರೆ ನಿರಾಳವಾಗಿ ನೆಗೆದು ಚೆಂಡು ಹಾಕಿದ. ಪಂದ್ಯ ಗೆದ್ದದ್ದು ಹಾಗೆ.

ಆಟ ಮುಗಿದ ಮೇಲೆ ಜಿರಾಫೆ ಬಂದು, "ಇದನ್ನು ಕಲಿಯಲು ಎಷ್ಟು ದಿನ ಬೇಕು?" ಎಂದು ಕೇಳಿದ.

"ಎಸೆಯುವುದು ಕೆಲವು ತಿಂಗಳ ಮಾತು," ಎಂದ ಮಂದರ. "ಮಂಗನ ಮುಂದೆ ತಲೆ ಬಾಗಿಸಲು ನಿನಗೆಷ್ಟು ದಿನ ಬೇಕೋ, ನನಗೆ ಗೊತ್ತಿಲ್ಲ."

ದೀರ್ಘಗ್ರೀವ, "ಅವನು ಇರುವುದು ಯಾವ ಮರದಲ್ಲಿ?" ಎಂದ.