ಒಂದು ಪೆಟ್ಟು ಹೆಚ್ಚಾದ ಮೊಳೆ

ಶಾಂತವೀರ ಗುರುಗಳ ಎದುರು ಕುಳಿತು ಕೇಳಿದ: “ಬುದ್ಧಿ, ಕಲಿಯಲಾರದವನನ್ನು ಮೊದಲೇ ಗುರುತಿಸುವುದು ಹೇಗೆ?”

ಯಾಕೆ ಕೇಳುತ್ತೀ ಎಂದರು ಗುರುಗಳು. ಶಾಂತವೀರ ಮಠದಲ್ಲಿ ಹಾಡು ಕಲಿಸುವವನು. ಅವನ ಬಳಿ ಕಲಿತ ಭೀಮಪ್ಪನೆಂಬ ತರುಣ ಅವನ ಹಾರ್ಮೋನಿಯಂ ಮುಂದೆ ಒಂದು ಸ್ವರವನ್ನೂ ತಪ್ಪುತ್ತಿರಲಿಲ್ಲ. ಪರಸ್ಥಳದ ಸಭೆಯಲ್ಲಿ ಬೇರೆಯವರ ಹಾರ್ಮೋನಿಯಂ ಜೊತೆ ಹಾಡಲು ಕುಳಿತಾಗ ಮೊದಲ ಸಾಲಿನಿಂದಲೇ ಅಪಸ್ವರ. ಜನ ನಕ್ಕರು. ನನ್ನ ಗಂಟಲೇ ಸರಿಯಿಲ್ಲ ಎಂದು ಹೇಳಿ ಭೀಮಪ್ಪ ಹಾಡು ಬಿಟ್ಟು ತನ್ನ ಊರಿಗೆ ಹೊರಟುಹೋದ. ಇಂಥವನಿಗೆ ಇಷ್ಟು ವರ್ಷ ಹೇಳಿಕೊಟ್ಟದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು ಎಂದ ಶಾಂತವೀರ.

ಗುರುಗಳು ಒಂದು ಕತೆ ಹೇಳಿದರು.

ಒಂದು ಜಂಕ್ಷನ್ ಊರು. ರೈಲ್ವೆ ಕೆಲಸದಿಂದ ನಿವೃತ್ತರಾದ ಕೆಲವರು ಅಲ್ಲಿ ಪುಟ್ಟ ರೈಲು ಕಟ್ಟುವ ಹವ್ಯಾಸ ಇಟ್ಟುಕೊಂಡಿದ್ದರು. ಮೇಜಿನ ಮೇಲೆ ಹಳಿ, ನಿಲ್ದಾಣ, ಗೇಟು. ಒಬ್ಬೊಬ್ಬರದು ಒಂದೊಂದು ಮೇಜು. ಆಯುಧಪೂಜೆಯ ದಿನ ಎಲ್ಲರೂ ತಮ್ಮ ಮೇಜುಗಳನ್ನು ಹೊತ್ತು ತಂದು ಒಂದೇ ಸಾಲಾಗಿ ಜೋಡಿಸುವರು. ಅಂದು ಒಬ್ಬನ ರೈಲು ಎಲ್ಲರ ಹಳಿಯ ಮೇಲೂ ಓಡಬೇಕು. ಅದು ಅವರ ಕಟ್ಟಳೆ.

ಆ ಗುಂಪಿಗೆ ಒಬ್ಬ ಹೆಂಗಸು ಸೇರಿದಳು. ಹೊಲಿಗೆ ಯಂತ್ರ ರಿಪೇರಿ ಮಾಡಿ ಬದುಕು ಕಟ್ಟಿಕೊಂಡವಳು. ಅಕ್ಷರ ಕಲಿತದ್ದೂ ತಾನೇ, ಕಸುಬು ಕಲಿತದ್ದೂ ತಾನೇ. ಯಾರನ್ನಾದರೂ ಕೇಳಿದರೆ ಸಣ್ಣವಳಾಗುತ್ತೇನೆ ಎಂದುಕೊಂಡಿದ್ದವಳು.

ಒಂದು ಹಳಿ ಎರಡಾಗಿ ಕವಲೊಡೆಯುವ ತುಂಡಿಗೆ ಪಾಯಿಂಟು ಎನ್ನುತ್ತಾರೆ. ರೈಲು ಬೀಳುವುದಿದ್ದರೆ ಅಲ್ಲೇ ಬೀಳುತ್ತದೆ. ನಿಧಾನವಾಗಿ ಬಾಗುವ ಉದ್ದನೆಯ ಪಾಯಿಂಟನ್ನೇ ತೆಗೆದುಕೋ, ಅಂಟು ಹಾಕುವ ಮೊದಲು ನಮ್ಮೆಲ್ಲರ ಇಂಜಿನ್ನುಗಳನ್ನು ಅದರ ಮೇಲೆ ತಳ್ಳಿ ನೋಡು ಎಂದು ಹಿರಿಯರು ಹೇಳಿದರು. ಅವಳು ಗಿಡ್ಡ ಪಾಯಿಂಟನ್ನು ತಂದಳು. ಗಿಡ್ಡದಾದರೆ ತನ್ನ ಚಿಕ್ಕ ಮೇಜಿನಲ್ಲಿ ಇನ್ನೊಂದು ಹಳಿ ಹಿಡಿಸುತ್ತದೆ. ಗಂಡಸರ ದೊಡ್ಡ ಮೇಜುಗಳಲ್ಲೂ ಇಲ್ಲದಷ್ಟು ಹಳಿ ತನ್ನದರಲ್ಲಿರುತ್ತದೆ.

ಕೂರಿಸುವಾಗ ಪಾಯಿಂಟಿನ ಒಂದು ಮೂಲೆ ಎದ್ದು ನಿಂತಿತು. ನಡುವಿನ ಮೊಳೆಗೆ ಒಂದು ಪೆಟ್ಟು ಹೆಚ್ಚು ಹಾಕಿದಳು. ಮೂಲೆ ಕೂತಿತು. ಆದರೆ ಹಳಿಯ ಕೆಳಗಿನ ಪಟ್ಟಿ ನಡುವೆ ತಗ್ಗಿ, ಎರಡೂ ಹಳಿಗಳು ಕೂದಲೆಳೆಯಷ್ಟು ಒಳಕ್ಕೆ ವಾಲಿದವು. ಕಣ್ಣಿಗೆ ಕಾಣುವಂಥದ್ದಲ್ಲ. ತನ್ನದೊಂದು ಹಳೆಯ ಇಂಜಿನ್ನನ್ನು ಓಡಿಸಿ ನೋಡಿದಳು. ಅದರ ಚಕ್ರಗಳು ಸವೆದಿದ್ದವು, ಓಡಿತು. ಮೊಳೆಯ ತಲೆ ಮುಚ್ಚುವಂತೆ ಪುಡಿಜಲ್ಲಿ ಹರಡಿ ಅಂಟು ಸುರಿದಳು.

ಆಮೇಲೆ ತಂದ ಹೊಸ ಇಂಜಿನ್ನು ಅದೇ ಜಾಗದಲ್ಲಿ ಹಳಿ ತಪ್ಪಿತು. ಚಕ್ರಗಳ ನಡುವೆ ಅಗಲ ಹೆಚ್ಚಾಗಿದೆ ಎಂದುಕೊಂಡಳು. ಹೊಲಿಗೆ ಯಂತ್ರದ ಸಾಮಾನಿನಿಂದ ಅವನ್ನು ಒಳಕ್ಕೆ ಒತ್ತಿದಳು. ಓಡಿತು. ಹಾಗೇ ತನ್ನ ಎಲ್ಲ ಇಂಜಿನ್ನುಗಳ ಚಕ್ರಗಳನ್ನೂ ಒತ್ತಿದಳು. ಕಾರ್ಖಾನೆಯವರಿಗೆ ನೆಟ್ಟಗೆ ಒಂದು ಚಕ್ರ ಹಾಕಲು ಬರುವುದಿಲ್ಲ ಎಂದು ನಾಲ್ಕು ಜನರ ಮುಂದೆ ಹೇಳಿಕೊಂಡಳು ಕೂಡ.

ಆ ಗುಂಪಿನಲ್ಲಿ ಒಬ್ಬ ಮುದುಕನಿದ್ದ. ಉಗಿ ಇಂಜಿನ್ನಿನ ಡ್ರೈವರಾಗಿದ್ದವನು. ತಾನು ನಡೆಸಿದ ಇಂಜಿನ್ನನ್ನೇ ಎಣ್ಣೆ ಡಬ್ಬಿಯ ತಗಡಿನಿಂದ ಪುಟ್ಟದಾಗಿ ಮಾಡುತ್ತ ಬಂದಿದ್ದ. ವರ್ಷಗಟ್ಟಲೆಯ ಕೆಲಸ, ಅದರ ನಡುವೆ ತನ್ನದೊಂದು ಮೇಜು ಕಟ್ಟಿರಲಿಲ್ಲ. ಅದು ಮುಗಿದಾಗ, ಹಬ್ಬಕ್ಕೆ ಮೊದಲು ಒಮ್ಮೆ ಓಡಿಸಿ ನೋಡೋಣವೆಂದು ಪಕ್ಕದ ಬೀದಿಯ ಅವಳ ಮನೆಗೇ ತಂದ. ಇಂಜಿನ್ನು ಅವಳ ಪಾಯಿಂಟಿನ ಮೇಲೆ ಬಂದು ಮಗುಚಿತು.

“ಅಜ್ಜ, ಚಕ್ರ ಅಗಲ ಬಂದಿದೆ,” ಎಂದಳು. “ಕೈ ನಡುಗುವ ವಯಸ್ಸು, ನೀವಾದರೂ ಏನು ಮಾಡುತ್ತೀರಿ.”

“ಅಳತೆ ಇಟ್ಟೇ ಮಾಡಿದ್ದೆನಲ್ಲ ತಾಯಿ,” ಎಂದ ಮುದುಕ. ಆಮೇಲೆ ತನ್ನ ಕೈಗಳನ್ನು ನೋಡಿಕೊಂಡ. “ಇರಬಹುದು. ನೀನೇ ಸರಿಮಾಡಿಕೊಡು.”

ಅವಳು ಒತ್ತಿಕೊಟ್ಟಳು.

ಆಯುಧಪೂಜೆಯ ದಿನ ಹಿರಿಯನೆಂದು ಮುದುಕನಿಗೆ ಮೊದಲ ಸರದಿ ಕೊಟ್ಟರು. ಸಾಲಿನಲ್ಲಿ ಮೊದಲು ಇದ್ದದ್ದು ಅವಳ ಮೇಜು. ತಗಡಿನ ಇಂಜಿನ್ನು ಅವಳ ಪಾಯಿಂಟನ್ನು ನೀರಿನಂತೆ ದಾಟಿತು. ಮುದುಕ ಅವಳ ಕಡೆ ತಿರುಗಿ ಕೈಮುಗಿದ. ಮುಂದಿನ ಮೇಜಿನ ಪಾಯಿಂಟಿಗೆ ಬಂದಾಗ ಇಂಜಿನ್ನು ಬಿತ್ತು. ಎತ್ತಿ ಇಟ್ಟರು. ಅದರಾಚೆಯ ಮೇಜಿನಲ್ಲಿ ಬಿತ್ತು. ಅಲ್ಲಿಂದಾಚೆ ಒಂದು ಪಾಯಿಂಟನ್ನೂ ಅದು ದಾಟಲಿಲ್ಲ. ದೊಡ್ಡ ರೈಲನ್ನು ಒಂದು ದಿನವೂ ಬೀಳಿಸದ ಮಾವ ಈ ಅಂಗೈಯಗಲದ್ದನ್ನು ಬೀಳಿಸಿಬಿಟ್ಟನಲ್ಲ ಎಂದು ಒಬ್ಬ ಚೇಷ್ಟೆ ಮಾಡಿದ. ಉಳಿದವರು ನಕ್ಕರು. ಮುದುಕನೂ ನಕ್ಕ. ಇಂಜಿನ್ನನ್ನು ಟವೆಲಿನಲ್ಲಿ ಸುತ್ತಿಕೊಂಡ.

ಉಳಿದವರ ಸರದಿಗೆ ಮೊದಲು ಪ್ರಸಾದಕ್ಕೆಂದು ಎಲ್ಲರೂ ಎದ್ದಾಗ ಅವಳು ಹಿಂದೆ ಉಳಿದಳು. ಹಳಿಗಳ ನಡುವೆ ಇಟ್ಟು ಅಗಲ ನೋಡುವ ಅಳತೆ ತಗಡೊಂದು ಅಲ್ಲಿ ಬಿದ್ದಿತ್ತು. ಅದನ್ನು ಎರವಲು ಕೇಳುವುದು ಅವಮಾನವೆಂದು ಅವಳು ಇಲ್ಲಿಯವರೆಗೆ ಮುಟ್ಟಿರಲಿಲ್ಲ. ಪಕ್ಕದವರ ಪಾಯಿಂಟಿನ ಮೇಲೆ ಇಟ್ಟಳು, ಕೂತಿತು. ತನ್ನದರ ಮೇಲೆ ಇಟ್ಟಳು. ಕೂರಲಿಲ್ಲ. ಒತ್ತಿದಳು, ಕೂರಲಿಲ್ಲ. ತಗಡನ್ನು ಇದ್ದಲ್ಲೇ ಇಟ್ಟು ಹೊರಗೆ ಹೋದಳು.

ಹೊರಗೆ ಮುದುಕ ಗೆಳೆಯರಿಗೆ ಹೇಳುತ್ತಿದ್ದ, ಕೈ ಕೆಟ್ಟಿತಪ್ಪ, ಒಪ್ಪಿಕೊಳ್ಳಬೇಕು ಎಂದು. ಎಲ್ಲರೂ ಅಲ್ಲೇ ಇದ್ದರು. ಒಂದು ಮಾತು ಸಾಕಾಗಿತ್ತು. ಅವಳ ಬಾಯಲ್ಲಿ ಕಡಲೆಪುರಿ ಇತ್ತು. ಅದನ್ನು ನುಂಗುವಷ್ಟರಲ್ಲಿ ಮಾತು ಬೇರೆ ಕಡೆ ಹೊರಳಿತು. ತಲೆ ನೋಯುತ್ತಿದೆ ಎಂದು ಹೇಳಿ, ತನ್ನ ಇಂಜಿನ್ನುಗಳನ್ನು ಪೆಟ್ಟಿಗೆಯಿಂದ ಹೊರಗೇ ತೆಗೆಯದೆ, ಮೇಜನ್ನೂ ಹೊರಿಸಿಕೊಂಡು ಮನೆಗೆ ಬಂದಳು.

ಮರುದಿನ ಬೆಳಿಗ್ಗೆ ಅಂಟಿದ ಜಲ್ಲಿಯನ್ನು ಕೆರೆದು ಮೊಳೆಯನ್ನು ಕಿತ್ತಳು. ವಾಲಿದ ಹಳಿಗಳು ತಾವಾಗಿಯೇ ನೆಟ್ಟಗಾದವು. ಈಗ ಅವಳ ಇಂಜಿನ್ನುಗಳು ಒಂದೊಂದಾಗಿ ಅವಳ ಹಳಿಯ ಮೇಲೇ ಬಿದ್ದವು. ಅವುಗಳನ್ನು ಬಿದ್ದಲ್ಲೇ ಬಿಟ್ಟಳು. ಮೊಳೆಯನ್ನು ಮುಷ್ಟಿಯಲ್ಲಿ ಹಿಡಿದು ಮುದುಕನ ಮನೆಗೆ ಹೋದಳು. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಳು.

ಬಾಗಿಲ ಬಳಿ ಒಂದು ಗೋಣಿಚೀಲ ಕಟ್ಟಿಟ್ಟಿತ್ತು. ಅದರ ಬಾಯಿಂದ ಅರದ ಹಿಡಿ, ಇಕ್ಕಳದ ಕಾಲು ಇಣುಕುತ್ತಿದ್ದವು. ಗುಜರಿಯವನಿಗೆ ಹೇಳಿ ಕಳಿಸಿದ್ದಾರೆ ಎಂದು ಸೊಸೆ ಹೇಳಿದಳು. ಅಷ್ಟರಲ್ಲಿ ಮುದುಕ ಹೊರಗೆ ಬಂದ. ಅವಳು ಬಾಯಿ ತೆರೆಯುವ ಮೊದಲೇ ಒಳಗೆ ಹೋಗಿ ಟವೆಲಿನ ಗಂಟನ್ನು ತಂದು ಅವಳ ಮುಂದೆ ಹಿಡಿದ.

“ನಾನೇ ಬರಬೇಕೆಂದಿದ್ದೆ ತಾಯಿ,” ಎಂದ. “ಇದನ್ನು ನೀನೇ ಇಟ್ಟುಕೋ. ನಿನ್ನ ಹಳಿಯ ಮೇಲಾದರೂ ಓಡಿಕೊಂಡಿರಲಿ.”

ಅವಳು ಕೈ ಚಾಚಿ ಗಂಟನ್ನು ತೆಗೆದುಕೊಂಡಳು. ಗಂಟಿನ ಕೆಳಗೆ, ಅವಳ ಮುಷ್ಟಿಯಲ್ಲಿ, ಮೊಳೆ ಇತ್ತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ನನ್ನ ಹಾರ್ಮೋನಿಯಂ ಶ್ರುತಿಯನ್ನು ಬೇರೊಂದರ ಜೊತೆ ಇಟ್ಟು ನೋಡಿದವನೇ ಅಲ್ಲ ನಾನು ಎಂದ ಶಾಂತವೀರ. ಆಮೇಲೆ, ಆ ಹೆಂಗಸು ಮುದುಕನಿಗೆ ನಿಜ ಹೇಳಿದಳೇ ಎಂದು ತಗ್ಗಿದ ದನಿಯಲ್ಲಿ ಕೇಳಿದ.

“ಭೀಮಪ್ಪನ ಊರಿಗೆ ಹೋಗಿ ಬಾ, ಹೇಳುತ್ತೇನೆ,” ಎಂದರು ಗುರುಗಳು.